ನೆಲ್ಲು ತುಳಿದ ಕಾಲು

ಹನ್ನೊಂದು ವರ್ಷ ನಾನು ಬ್ಯಾಸ್ಕೆಟ್‌ಬಾಲ್ ಆಡಿಯೇ ಸಂಬಳ ತೆಗೆದುಕೊಂಡವಳು. ಒಂದು ಬ್ಯಾಂಕಿನ ತಂಡದಲ್ಲಿದ್ದೆ. ಅಲ್ಲಿ ನನಗೊಂದು ಕುರ್ಚಿ ಟೇಬಲ್ಲು ಹೆಸರಿಗಷ್ಟೇ ಇತ್ತು. ಬೆಳಿಗ್ಗೆ ಎರಡು ತಾಸು, ಸಂಜೆ ಮೂರು ತಾಸು ಕೋರ್ಟಿನಲ್ಲೇ ಡ್ಯೂಟಿ. ಊರೂರಿಗೆ ಹೋಗಿ ಮ್ಯಾಚ್ ಆಡಿ ಬಂದ ಪ್ರತಿ ಸಲವೂ ಕಂಪ್ಲಿಯಿಂದ ಅವ್ವನ ಫೋನು ಬರುತ್ತಿತ್ತು. ಉಂಡೆಯಾ, ಹುಷಾರಿದ್ದೀಯಾ ಎಂದೆಲ್ಲ ಕೇಳುವ ಪೈಕಿ ಅಲ್ಲ ಅವಳು.

"ಎಷ್ಟು ಗೋಲು ಹೊಡ್ದಿ?"

"ಗೋಲು ಅಲ್ಲವ್ವ, ಬ್ಯಾಸ್ಕೆಟ್ಟು."

"ಅದು ಏನರ ಇರವಲ್ದ್ಯಾಕ. ಎಷ್ಟು?"

"ಇವತ್ತು ಒಂದೂ ಇಲ್ಲ."

"ಮೊನ್ನೀನೂ ಇಲ್ಲ, ಇವತ್ತೂ ಇಲ್ಲ. ಮತ್ತ ಎದಕ ಆಡಸ್ತಾರ ನಿನ್ನ?" ಎನ್ನುವಳು.

ಇದಕ್ಕೆ ಉತ್ತರ ಹೇಳಲು ಹೋಗಿ ಎಷ್ಟು ಸಲ ಅರ್ಧಕ್ಕೆ ಫೋನು ಇಟ್ಟಿದ್ದೇನೋ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವ್ವನಿಗೂ ಅಲ್ಲೇ. ನನ್ನ ಕೆಲಸ ರಿಂಗಿಗೆ ಚೆಂಡು ಹಾಕುವುದಾಗಿರಲಿಲ್ಲ, ಹಾಕುವವಳನ್ನು ತಡೆಯುವುದಾಗಿತ್ತು. ಎದುರಿನ ತಂಡದಲ್ಲಿ ಯಾರು ಎಲ್ಲರಿಗಿಂತ ಜೋರೋ ಅವಳ ಮುಂದೆ ನಿಂತು, ಹಿಂದಕ್ಕೂ ಪಕ್ಕಕ್ಕೂ ಸರಿಯುತ್ತ, ಅವಳಿಗೆ ದಾರಿ ಕೊಡದೆ ಕಾಡಬೇಕು. ಪೇಪರಿನಲ್ಲಿ ಚೆಂಡು ಹಾಕಿದವಳ ಹೆಸರು ಬರುತ್ತದೆ, ತಡೆದವಳದು ಬರುವುದಿಲ್ಲ. ಪೇಪರಿನವರ ಮನೆ ಹಾಳಾಗಲಿ, ಅವರದು ಬಿಡಿ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಒಂದಕ್ಕೇ: ನಾನು ಏನು ಆಡಿದೆ ಎಂಬುದು ಅವ್ವನಿಗೆ ಗೊತ್ತಾಗಲಿಲ್ಲವಲ್ಲ ಎಂದು. ಆ ವಿದ್ಯೆ ನನಗೆ ಕಲಿಸಿದವಳೇ ಅವಳು.

ಕಂಪ್ಲಿ ಕಡೆ ನಾವು ಭತ್ತಕ್ಕೆ ನೆಲ್ಲು ಅನ್ನುತ್ತೇವೆ. ಮಿಷನ್ನು ಬಂದು ಕೊಯ್ದು ಕೊಟ್ಟ ನೆಲ್ಲಿನಲ್ಲಿ ಹಸಿ ಇರುತ್ತದೆ. ಮೂರು ನಾಲ್ಕು ದಿನ ಬಿಸಿಲಿಗೆ ಹರವದಿದ್ದರೆ ರೈಸ್‌ಮಿಲ್ಲಿನವರು ಮೂಸಿ ನೋಡುವುದಿಲ್ಲ. ಹಾಗಾಗಿ ಸುಗ್ಗಿ ಬಂತೆಂದರೆ ನಮ್ಮೂರಲ್ಲಿ ಗಟ್ಟಿ ನೆಲ ಕಂಡಲ್ಲೆಲ್ಲ ನೆಲ್ಲು. ನಮ್ಮ ಕೇರಿಯ ಹಿಂದಿನ ಬಯಲಿನಲ್ಲಿ ಯಾವ ಯೋಜನೆಯಲ್ಲಿ ಕಟ್ಟಿಸಿದ್ದರೋ, ಒಂದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟು ಇತ್ತು. ಎರಡು ಕಂಬ, ಎರಡು ಬೋರ್ಡು, ಒಂದಕ್ಕೆ ಮಾತ್ರ ರಿಂಗು. ಕಟ್ಟಿದ ಮೊದಲ ವರ್ಷವೇ ಅವ್ವ ಅದನ್ನು ಗುಡಿಸಿ, ನೀರು ಹೊಯ್ದು ತೊಳೆದು, ನೆಲ್ಲು ಹರವಿದಳು. ಅವತ್ತಿನಿಂದ ಅದು ಅವಳ ಕಣ. ಅವ್ವ ನಾಟಿ ಹಚ್ಚುವ, ಕಳೆ ಕೀಳುವ ಹೆಣ್ಣಾಳುಗಳಿಗೆ ಮೇಸ್ತ್ರಿ. ಎರಡು ಎಕರೆ ಗುತ್ತಿಗೆಗೂ ಮಾಡುತ್ತಾಳೆ. ಬಯಲಲ್ಲಿ ನಿಂತು ಕೂಗಿದರೆ ಹೊಳೆ ದಂಡೆಯವರೆಗೂ ಕೇಳುವ ಗಂಟಲು. ಅವಳ ಕಣ ಅಲ್ಲ ಎನ್ನುವ ಧೈರ್ಯ ಯಾರಿಗಿದೆ?

ಹರವಿದ ನೆಲ್ಲನ್ನು ತಾಸಿಗೊಮ್ಮೆ ತಿರುವಬೇಕು. ನಮ್ಮ ಹೆಂಗಸರು ಅದನ್ನು ಕಾಲಿನಿಂದಲೇ ಮಾಡುತ್ತಾರೆ, ನೆಲ್ಲು ತುಳಿಯುವುದು ಎನ್ನುತ್ತಾರೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದ ನೆಲಕ್ಕೆ ಹಚ್ಚಿ, ಎತ್ತದೆ ಎಳೆಯುತ್ತ ಹೋದರೆ ನೆಲ್ಲಿನಲ್ಲಿ ಉದ್ದಕ್ಕೂ ಸಾಲು ಬೀಳುತ್ತದೆ, ಅಡಿಯ ಹಸಿ ಮೇಲೆ ಬರುತ್ತದೆ. ಪಕ್ಕದ ಸಾಲಿಗೆ ಸರಿಯುವಾಗಲೂ ಒಂದು ಕಾಲು ಇನ್ನೊಂದನ್ನು ದಾಟಬಾರದು, ದಾಟಿದರೆ ಸಾಲು ಕೆಡುತ್ತದೆ. ಕಾಲೆತ್ತಿ ಇಟ್ಟರೆ ಹಿಮ್ಮಡಿಯ ಕೆಳಗೆ ಕಾಳು ನುರಿದು ಅಕ್ಕಿ ನುಚ್ಚಾಗುತ್ತದೆ. ನಾನು ಆರೇಳು ವರ್ಷದವಳಿದ್ದಾಗಿನಿಂದ ರಜೆಯ ದಿನಗಳೆಲ್ಲ ಆ ಕೋರ್ಟಿನ ಮೇಲೆ ಹೀಗೆ ಅಡ್ಡಡ್ಡ ಉದ್ದುದ್ದ ತಿರುಗಿಯೇ ಕಳೆದೆ. ಹಿಂದಿನಿಂದ ಅವ್ವನ ಕೂಗು: "ಕಾಲು ಎತ್ತಬ್ಯಾಡ ಲೇ, ಎಳಿ!"

ನೆಲ್ಲು ಇಲ್ಲದ ತಿಂಗಳಲ್ಲಿ ಕೇರಿಯ ಹುಡುಗಿಯರೆಲ್ಲ ಅಲ್ಲೇ ಚೆಂಡಾಡುತ್ತಿದ್ದೆವು. ಇದ್ದದ್ದು ಒಂದೇ ಚೆಂಡು. ಕುಳ್ಳಿಯಾದ ನನಗೆ ಅದನ್ನು ಯಾರು ಕೊಡುತ್ತಾರೆ? ಕೊಡದಿದ್ದರೆ ಕಿತ್ತುಕೊಳ್ಳುವುದನ್ನು ಕಲಿತೆ.

ಹದಿನಾಲ್ಕು ವರ್ಷದವಳಿದ್ದಾಗ ಸಂಡೂರಿನ ಒಂದು ಟೂರ್ನಮೆಂಟಿಗೆ ನಮ್ಮ ಶಾಲೆಯ ತಂಡದಲ್ಲಿ ಲೆಕ್ಕ ಭರ್ತಿಗೆ ನನ್ನನ್ನೂ ಕರೆದುಕೊಂಡು ಹೋದರು. ಅದಿರು ಲಾರಿಗಳ ಧೂಳಿಗೆ ಕೋರ್ಟು ಕೆಂಪು, ಚೆಂಡು ಕೆಂಪು, ನಾವು ಹಟಕ್ಕೆ ಬಿದ್ದು ಒಗೆದುಕೊಂಡು ಹೋಗಿದ್ದ ಬಿಳಿ ಸಾಕ್ಸೂ ಕೆಂಪು. ತೋರಣಗಲ್ಲಿನ ಕಾರ್ಖಾನೆ ಕಡೆಯ ತಂಡದಲ್ಲಿ ಒಬ್ಬಳು ಎತ್ತರದ ಹುಡುಗಿ ಇದ್ದಳು; ನಮ್ಮವರನ್ನೆಲ್ಲ ಗಾಳಿಗೆ ತೂರಿ ಹೋಗುತ್ತಿದ್ದಳು. ಅರ್ಧ ಆಟದಲ್ಲಿ ನಮ್ಮವಳೊಬ್ಬಳ ಕಾಲು ಉಳುಕಿತು. ಬೇರೆ ಗತಿಯಿಲ್ಲದೆ ನನ್ನನ್ನು ಇಳಿಸಿದರು. ನನಗೆ ಆಟದ ಗಂಧ ಅಷ್ಟಕ್ಕಷ್ಟೇ. ಅವಳು ಎತ್ತ ಹೋದರೆ ಅತ್ತ ನೆಲ್ಲಿನಲ್ಲಿ ಸರಿದ ಹಾಗೆ ಸರಿಯುತ್ತ ಹೋದೆ. ಕೊನೆಗೆ ಆ ಹುಡುಗಿ ರೆಫರಿಯ ಹತ್ತಿರ ಹೋಗಿ, "ಸರ್, ಇಕಿನ್ನ ಹೊರಗ ಹಾಕ್ರಿ, ಬಿಡವಲ್ಲಳು" ಎಂದು ಅಳುವುದಕ್ಕೇ ಶುರು ಮಾಡಿದಳು. ಅಷ್ಟಾದರೂ ನಾವು ಸೋತೆವು, ಅದು ಬೇರೆ ಮಾತು.

ಹೊಸಪೇಟೆಯಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಆಟ ಕಲಿಸುತ್ತಿದ್ದ ಒಬ್ಬ ಕೋಚ್ ಮೇಡಂ ಅವತ್ತು ಅಲ್ಲಿದ್ದರು. ಆಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಕಾಲು ನಿನಗ ಯಾರು ಕಲಿಸಿದ್ರು?"

"ಯಾರೂ ಇಲ್ಲ್ರಿ ಮೇಡಂ."

"ಸುಳ್ಳು ಹೇಳಬ್ಯಾಡ. ನನ್ನ ಹುಡುಗ್ಯಾರಿಗೆ ಮೂರು ವರ್ಷದಿಂದ ಹೇಳಾಕತ್ತೀನಿ, ಬರವಲ್ದು."

"ನೆಲ್ಲು ತುಳಿದದ್ರಿ."

ಮೇಡಂ ಜೋರಾಗಿ ನಕ್ಕರು. ಆಮೇಲೆ, "ಒಂದ್ಸಲ ಮಾಡಿ ತೋರಸು" ಎಂದರು. ಅಲ್ಲೇ ಧೂಳಿನಲ್ಲಿ ಮಾಡಿ ತೋರಿಸಿದೆ. ನನ್ನ ಪಾದಗಳು ಎಳೆದ ಎರಡು ಗೆರೆ ಕೆಂಪು ಧೂಳಿನಲ್ಲಿ ನೆಟ್ಟಗೆ ಬಿದ್ದಿದ್ದವು. ಮೇಡಂ ಅವನ್ನು ನೋಡುತ್ತ ನಿಂತರು. ಮುಂದಿನ ತಿಂಗಳು ನಾನು ಹೊಸಪೇಟೆಯ ಹಾಸ್ಟೆಲಿನಲ್ಲಿದ್ದೆ. ಕಳಿಸುವಾಗ ಅವ್ವ ಕೇಳಿದ್ದು ಎರಡೇ ಪ್ರಶ್ನೆ, "ಹೊಟ್ಟಿ ತುಂಬ ಉಣ್ಣಾಕ ಹಾಕ್ತಾರಾ? ಓದಸ್ತಾರಾ?" ಎರಡಕ್ಕೂ ಹೌದೆಂದ ಮೇಲೆ, "ಹಂಗಾರ ಹೋಗು. ಹೋದ ಮ್ಯಾಗ ಗೋಲು ಹೊಡಿ, ಮಂದಿ ಮುಂದ ಹೇಳಾಕ ಆಗಬೇಕು" ಎಂದಳು.

ಜಿಲ್ಲೆ, ರಾಜ್ಯ, ಆಮೇಲೆ ಬ್ಯಾಂಕಿನ ತಂಡ. ಮೊದಲ ಸಲ ಮರದ ನೆಲದ ಕೋರ್ಟಿನಲ್ಲಿ ಇಳಿದಾಗ ಕಾಲು ಜಾರಿ ಕುಂಡಿ ಊರಿ ಬಿದ್ದು, ಎದುರಿನ ತಂಡದವರಿಂದಲೂ ಚಪ್ಪಾಳೆ ಹೊಡೆಸಿಕೊಂಡವಳು ನಾನು. ತಂಡದವರು ನನಗೆ ಜಿಗಣೆ ಎಂದು ಹೆಸರಿಟ್ಟರು. ಗದ್ದೆಯಲ್ಲಿ ಕಾಲಿಗೆ ಹತ್ತಿದ ಜಿಗಣೆ ಕಿತ್ತು ಬೆಳೆದವಳಿಗೆ ಅದು ಎಂಥ ಹೊಗಳಿಕೆ ಎಂದು ಗೊತ್ತು, ಖುಷಿಯಾಯಿತು. ರಾತ್ರಿಯ ರೈಲು, ಕಾಣದ ಊರಿನ ತಿಳಿಸಾರು, ಒದ್ದೆ ಜರ್ಸಿ ಒಣಗಿಸಲು ಲಾಡ್ಜಿನ ಫ್ಯಾನಿಗೆ ನೇತು ಹಾಕಿದ್ದು, ಎಲ್ಲವನ್ನೂ ನಾನು ಜೀವ ಬಿಟ್ಟು ಪ್ರೀತಿಸಿದೆ. ಆದರೆ ಅವ್ವನನ್ನು ಆಟ ನೋಡಲು ಬಾ ಎಂದರೆ ನಾಟಿ ಟೈಮು ಅನ್ನುವಳು, ಇಲ್ಲವೇ ಕಳೆ ಟೈಮು, ಇಲ್ಲವೇ ಸುಗ್ಗಿ. ಮೇಸ್ತ್ರಿಗೆ ರಜೆ ಎಲ್ಲಿಯದು?

ಒಂದೇ ಒಂದು ಸಲ ಅವಳ ಫೋನಿಗೆ ಉತ್ತರ ಕೊಡಲೇಬೇಕು ಎಂದು ಹಟ ಹಿಡಿದೆ. ಅದೊಂದು ಫೈನಲ್ಲು. ನಾನು ಕಾಯಬೇಕಾದವಳನ್ನು ಬಿಟ್ಟು ಚೆಂಡಿನ ಹಿಂದೆ ಓಡಿದೆ. ಆರು ಸಲ ರಿಂಗಿಗೆ ಹಾಕಿದೆ, ಸ್ವಾಮಿ, ಆರು! ಅತ್ತ ನಾನು ಬಿಟ್ಟುಬಂದವಳು ತವರುಮನೆಗೆ ಬಂದವಳ ಹಾಗೆ ಆರಾಮಾಗಿ ಹಾಕುತ್ತಲೇ ಹೋದಳು. ಸೋತೆವು. ನಮ್ಮ ಕೋಚು ಎರಡು ದಿನ ನನ್ನ ಮುಖ ನೋಡಲಿಲ್ಲ. ಆ ಸಂಜೆ ಅವ್ವನಿಗೆ "ಆರು" ಎಂದೆ. ಸೋತದ್ದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಜೀವನದ ಅತಿ ಕೆಟ್ಟ ಆಟಕ್ಕೆ ನಮ್ಮ ಕೇರಿಯಲ್ಲಿ ಮಂಡಕ್ಕಿ ಮಿರ್ಚಿ ಹಂಚಿದರಂತೆ. ಅದನ್ನು ಕೇಳಿ ಲಾಡ್ಜಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂವತ್ತೆರಡಕ್ಕೆ ಬಲ ಮೊಣಕಾಲು ಹೋಯಿತು. ಯಾರೂ ತಳ್ಳಲಿಲ್ಲ, ಬೀಳಲಿಲ್ಲ. ಪಕ್ಕಕ್ಕೆ ಸರಿಯುವಾಗ ಒಳಗೆ ಪಟ್ ಎಂದಿತು, ಅಷ್ಟೇ. ಆಪರೇಷನ್ನು ಆಯಿತು. ನಡೆಯಬಹುದು, ಆಡಬೇಡ ಎಂದರು ಡಾಕ್ಟರು. ಬ್ಯಾಂಕಿನವರು ಹೊಸಪೇಟೆಗೆ ವರ್ಗ ಮಾಡಿ ನಿಜವಾದ ಕುರ್ಚಿಯಲ್ಲಿ ಕೂರಿಸಿದರು. ಕಂಪ್ಲಿಯಿಂದ ದಿನಾ ಬಸ್ಸು; ಕಮಲಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಕಿಟಕಿಯಾಚೆ ಬಾಳೆತೋಟ ನೋಡುತ್ತ, ನನ್ನ ಆಯಸ್ಸು ಇನ್ನು ಇಷ್ಟೇ ಏನೋ ಎಂದುಕೊಳ್ಳುತ್ತಿದ್ದೆ. ಮೆಟ್ಟಿಲು ಹತ್ತಿ ಇಳಿದು ಕಾಲು ಗಟ್ಟಿ ಮಾಡಿಕೊಳ್ಳಲು ಹೇಳಿದ್ದರು. ಮೆಟ್ಟಿಲಿಗೆ ಹಂಪಿಯಲ್ಲಿ ಬರವೇ? ಭಾನುವಾರ ಹೋಗಿ ಗುಡ್ಡದ ಕಲ್ಲುಮೆಟ್ಟಿಲು ಹತ್ತಿಳಿಯುತ್ತಿದ್ದೆ. ಕೆಳಗೆ ಎಳನೀರು ಮಾರುವವಳು, "ಯಾವ ದೇವ್ರಿಗೆ ಹರಕಿ ಹೊತ್ತೀರಕ್ಕ?" ಎಂದು ಕೇಳಿದ್ದಳು. ಮೊಣಕಾಲು ದೇವರಿಗೆ ಎಂದೆ.

ಒಂದು ದಿನ ಮನೆಯಲ್ಲಿ ಅವ್ವ ಆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಆಪರೇಷನ್ನಿನ ಗಾಯದ ಮೇಲೆ ಬೆರಳು ಆಡಿಸುತ್ತ ಮೆಲ್ಲಗೆ ಹೇಳಿದಳು: "ಕಾಲು ಕೊಟ್ಟು ಬಂದಿ. ಅಷ್ಟು ಕೊಟ್ಟು ನಾಕು ಗೋಲರ ತಂದಿದ್ರ ಸಮಾಧಾನ ಇರ್ತಿತ್ತು." ಬೈದು ಹೇಳಿದ್ದರೆ ಜಗಳ ಮಾಡುತ್ತಿದ್ದೆ. ಅವಳು ಮರುಗಿ ಹೇಳಿದಳು. ಆಡಿದ್ದೆಲ್ಲ ದಂಡವಾಯಿತು ಎಂದು ನನ್ನ ತಾಯಿ ನಂಬಿದ್ದಳು. ಮೊಣಕಾಲಿಗಿಂತ ಅದೇ ಹೆಚ್ಚು ನೋಯಿಸಿತು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಂಜೆ ಬ್ಯಾಂಕಿನಿಂದ ಬಂದು ಕೇರಿಯ ಹತ್ತು ಹುಡುಗಿಯರಿಗೆ ಅದೇ ಕೋರ್ಟಿನಲ್ಲಿ ಆಟ ಕಲಿಸತೊಡಗಿದೆ. ಇನ್ನೊಂದು ರಿಂಗನ್ನೂ ಹಾಕಿಸಿದೆ. ಕಳೆದ ಸುಗ್ಗಿಯ ಹೊತ್ತಿಗೆ ಹೊಸಪೇಟೆಯ ಹಾಸ್ಟೆಲಿಗೆ ಹೊಸ ಹುಡುಗಿಯರನ್ನು ಆರಿಸುತ್ತಾರೆ ಎಂಬ ಸುದ್ದಿ ಬಂತು. ನಾನು ಹೋದ ಹಾಸ್ಟೆಲೇ. ಮಧ್ಯೆ ಇದ್ದದ್ದು ಮೂರು ವಾರ, ಆ ಮೂರು ವಾರವೂ ಕೋರ್ಟಿನ ತುಂಬ ನೆಲ್ಲು ಬರುವ ಕಾಲ.

"ಅವ್ವ, ಮೂರ ವಾರ ಕೋರ್ಟು ಬಿಡು."

"ಕೋರ್ಟಂತ ಕೋರ್ಟು. ನನ್ನ ಕಣ ಅದು."

"ಹುಡುಗ್ಯಾರ ಬಾಳೇವು ಐತವ್ವ ಇದ್ರಾಗ."

"ನೆಲ್ಲು ಮುಗ್ಗಿದ್ರ ನನ್ನ ಬಾಳೇವು ಏನಾಗಬೇಕು? ನೀ ಹನ್ನೊಂದು ವರ್ಷ ಆಡಿ ಏನ್ ಕಡದು ಕಟ್ಟಿ ಹಾಕಿದಿ, ಇವ್ರು ಹಾಕಾಕ?"

ತಗೋ! ನನ್ನ ನೆತ್ತಿಗೇರಿತು. ಮಾರನೆಯ ಸಂಜೆ ಹೊಸಪೇಟೆಯಿಂದ ಬಿಳಿ, ಕೆಂಪು ಆಯಿಲ್ ಪೇಂಟು ತಂದು, ಹುಡುಗಿಯರನ್ನು ಕೂಡಿಸಿಕೊಂಡು, ಅಳಿಸಿಹೋಗಿದ್ದ ಗೆರೆಗಳನ್ನೆಲ್ಲ ದಪ್ಪಗೆ ಬಳಿದೆ. ನಟ್ಟನಡುವೆ ಕೆಂಪು ವೃತ್ತ. ಇದು ಕೋರ್ಟು ಎಂದು ಇನ್ನು ಕುರುಡರಿಗೂ ಕಾಣಬೇಕು ಎಂಬ ಜಂಬ. ಅವ್ವನಿಗೆ ಒಂದು ಮಾತೂ ಹೇಳಲಿಲ್ಲ. ಚಳಿಗಾಲದ ಇಬ್ಬನಿಗೆ ಪೇಂಟು ಒಣಗುವುದಿಲ್ಲ ಎಂಬ ಬುದ್ಧಿಯೂ ಇರಲಿಲ್ಲ. ನಸುಕಿನಲ್ಲಿ, ಗೆರೆ ಕಾಣದ ಮಬ್ಬಿನಲ್ಲಿ, ಅವ್ವ ತನ್ನ ಹೆಣ್ಣಾಳುಗಳೊಂದಿಗೆ ಬಂದು ಟ್ರ್ಯಾಕ್ಟರಿನ ನೆಲ್ಲೆಲ್ಲ ಅದರ ಮೇಲೆ ಸುರುವಿ, ಕಾಲಿನಿಂದ ಹರವಿಬಿಟ್ಟಳು.

ಬೆಳಕು ಹರಿದ ಮೇಲೆ ಅವಳ ಕೂಗಿಗೆ ನಾನು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿದೆ. ನೆಲ್ಲಿನ ತುಂಬ ಬಿಳಿ ಕಾಳು, ಕೆಂಪು ಕಾಳು. ಹೆಣ್ಣಾಳುಗಳ ಅಂಗಾಲೂ ಕೆಂಪು.

"ಯಾರ ಮದುವಿಗೆ ಅಕ್ಷತಿ ಮಾಡಿಟ್ಟಿ ಲೇ?" ಅವ್ವ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ನಿಂದಂತೂ ಆಗಲಿಲ್ಲ!"

ಹೆಂಗಸರೆಲ್ಲ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೇಂಟು ಹತ್ತಿದ ನೆಲ್ಲನ್ನು ಮಿಲ್ಲಿನವರು ಮುಟ್ಟುವುದಿಲ್ಲ. ಅದು ಅವ್ವನ ಅರ್ಧ ವರ್ಷದ ದುಡಿಮೆ. ಬ್ಯಾಂಕಿಗೆ ರಜೆ ಹಾಕಿದೆ. ಅವತ್ತು ಶನಿವಾರ; ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಮರುದಿನ ಭಾನುವಾರ ಇಡೀ ದಿನ ನಾನೂ ಹತ್ತು ಹುಡುಗಿಯರೂ ಅಲ್ಲೇ ಕೂತು ಬಣ್ಣದ ಕಾಳು ಆರಿಸಿದೆವು. ಅವ್ವ ತಲೆಯ ಮೇಲೆ ನಿಂತು ಉಸ್ತುವಾರಿ ಮಾಡಿದಳು. ತಾಸಿಗೊಮ್ಮೆ ನೆಲ್ಲು ತಿರುವುವ ಕೆಲಸವನ್ನೂ ಹುಡುಗಿಯರಿಗೇ ಹಚ್ಚಿದಳು.

"ಮೊಣಕಾಲು ಬಗ್ಗಸು. ಕಾಲು ಎತ್ತಬ್ಯಾಡ ಲೇ, ಎಳಿ. ಕಾಲಿಗೆ ಕಾಲು ದಾಟಸಬ್ಯಾಡ, ಸಾಲು ಕೆಡತೈತಿ!"

ನಾನು ಕಾಳು ಆರಿಸುವುದನ್ನು ಬಿಟ್ಟು ತಲೆ ಎತ್ತಿ ನೋಡಿದೆ. ಆರು ತಿಂಗಳಿಂದ 'ಸ್ಲೈಡ್, ಸ್ಲೈಡ್' ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಈಗಿನವರ ನೆಲ್ಲನ್ನು ಮಿಷನ್ನು ಒಣಗಿಸುತ್ತದೆ, ಇಲ್ಲವೇ ದೊಡ್ಡವರು ತುಳಿಯುತ್ತಾರೆ, ಹುಡುಗಿಯರಿಗೆ ಅಭ್ಯಾಸವೇ ಇಲ್ಲ. ನನಗೆ ಬರದ ಕಲಿಸುವ ವಿದ್ಯೆ ಅವ್ವನಿಗೆ ಬಂದಿತ್ತು. ಸಂಜೆಯ ಹೊತ್ತಿಗೆ ಹತ್ತು ಜನರೂ ಕೋರ್ಟಿನ ಮೇಲೆ ನಾನು ಸರಿದ ಹಾಗೆಯೇ ಸರಿಯುತ್ತಿದ್ದರು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಎಂದು ನನ್ನ ಹಣೆಗೆ ನಾನೇ ಹೊಡೆದುಕೊಂಡೆ.

ಅವತ್ತೇ ಒಪ್ಪಂದವಾಯಿತು. ಹುಡುಗಿಯರು ಶಾಲೆಗೆ ಮೊದಲು ಬಂದು ನೆಲ್ಲು ಹರವಿ ತುಳಿಯುವುದು, ಸಂಜೆ ನಾಲ್ಕೂವರೆಗೆ ರಾಶಿ ಮಾಡಿ, ತಾಡಪಾಲು ಮುಚ್ಚಿ, ಆಮೇಲೆ ಕತ್ತಲಾಗುವ ತನಕ ಆಡುವುದು. ಅವ್ವನದು ಒಂದೇ ಷರತ್ತು: "ಒಂದು ಕಾಳು ನುರಿದ್ರೂ ನಿಮ್ಮ ಚೆಂಡು ಹೊಳಿಪಾಲು."

ಆಯ್ಕೆಗೆ ನಾಲ್ಕು ದಿನ ಮುಂಚೆ ಪ್ರಾಕ್ಟೀಸ್ ಮ್ಯಾಚಿಗೆ ತೋರಣಗಲ್ಲಿನ ತಂಡವನ್ನು ಕರೆದೆ. ಅವರು ಬಸ್ಸು ಮಾಡಿಕೊಂಡು ಬಂದರು. ಒಂದೇ ಬಣ್ಣದ ಶೂ, ಒಂದೇ ಬಣ್ಣದ ಚೀಲ. ಅವ್ವ ರಾಶಿಯ ಪಕ್ಕ ಚೀಲ ಹಾಸಿಕೊಂಡು ಆಡು ಓಡಿಸಲು ಕೋಲು ಹಿಡಿದು ಕೂತಿದ್ದಳು. ಆಟ ನೋಡಲು ಅಲ್ಲ, ನೆಲ್ಲು ಕಾಯಲು. ಅವರಲ್ಲಿ ಒಬ್ಬಳು ಮಹಾ ಚುರುಕು. ಅವಳಿಗೆ ಎದುರಾಗಿ ನಮ್ಮ ತಂಡದ ಎಲ್ಲರಿಗಿಂತ ಕುಳ್ಳಿಯನ್ನು ನಿಲ್ಲಿಸಿದ್ದೆ. ನಮ್ಮವಳು ಹೆದರಿದಳು. ಕಾಲಿಗೆ ಕಾಲು ಅಡ್ಡ ಹಾಕಿ ತಡವರಿಸಿದಳು. ಒಂದಾಯಿತು, ಎರಡಾಯಿತು, ಮೂರನೆಯ ಸಲವೂ ಆ ಚುರುಕು ಹುಡುಗಿ ದಾಟಿ ಹೋಗಿ ಚೆಂಡು ಹಾಕಿದಳು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಯಲೇ ನಡುಗುವ ಹಾಗೆ ಕೂಗು ಬಂತು.

"ಕಾಲು ಎತ್ತಬ್ಯಾಡ ಲೇ! ಎಳಿ! ಎಳೀ! ಸಾಲು ಕೆಡಸ್ತಿ!"

ಆಚೆಯ ತಂಡದ ಕೋಚು ಬೆಚ್ಚಿ ತಿರುಗಿದರು. ಅವ್ವ ಎದ್ದು ನಿಂತಿದ್ದಳು. ನಮ್ಮ ಕುಳ್ಳಿ ಮೊಣಕಾಲು ಬಗ್ಗಿಸಿದಳು. ಪಾದ ಎಳೆದಳು. ಚುರುಕು ಹುಡುಗಿ ಬಲಕ್ಕೆ ಬಂದರೆ ಇವಳು ಅಲ್ಲಿ, ಎಡಕ್ಕೆ ಬಂದರೆ ಅಲ್ಲಿ. ಚೆಂಡು ಕೈತಪ್ಪಿತು. ಮತ್ತೆ ಬಂದಳು, ಮತ್ತೆ ತಪ್ಪಿತು. ಬಯಲಿನಲ್ಲಿ ನೆರೆದವರೆಲ್ಲ ಚೆಂಡು ನೋಡುತ್ತಿದ್ದರು. ಅವ್ವ ಮಾತ್ರ ನಮ್ಮವಳ ಕಾಲು ನೋಡುತ್ತಿದ್ದಳು. ಒಂದು ಆಡು ಬಂದು ರಾಶಿಗೆ ಬಾಯಿ ಹಾಕಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮ್ಯಾಚ್ ಮುಗಿದ ಮೇಲೆ ಕೋಲು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ಆ ಹುಡುಗಿ ಮಾಡಿದ್ದಕ್ಕ ಏನಂತಾರ?"

"ಡಿಫೆನ್ಸ್ ಅಂತಾರವ್ವ. ತಡಿಯೂದು."

"ನೀನೂ ಇದನ್ನ ಮಾಡ್ತಿದ್ದೇನು?"

"ಹೂಂ."

"ಹನ್ನೊಂದು ವರ್ಷ?"

"ಹನ್ನೊಂದು ವರ್ಷಾನೂ ಇದನ್ನ."

"ಇದು ನೆಲ್ಲು ತುಳಿಯೂದಲ್ಲೇನ!"

"ಅದ ಅವ್ವ."

ಅವಳು ನನ್ನ ಮುಖ ನೋಡಿದಳು, ಬಲ ಮೊಣಕಾಲು ನೋಡಿದಳು. "ಹೇಳಾಕ ಏನು ಧಾಡಿಯಾಗಿತ್ತು ನಿನಗ?" ಎಂದಳು. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಹೊಳೆ ದಂಡೆಯವರೆಗೂ ಕೇಳುವ ಆ ಗಂಟಲು. ಹೇಳಿದ್ದೆ, ನೂರು ಸಲ ಹೇಳಿದ್ದೆ ಎನ್ನಬಹುದಿತ್ತು. ಅದರ ಬದಲು ಅವಳ ಕೈಯ ಕೋಲು ಇಸಿದುಕೊಂಡು, ಇನ್ನೂ ರಾಶಿ ಮೇಯುತ್ತಿದ್ದ ಆಡನ್ನು ಓಡಿಸಲು ಹೋದೆ.

ಹೊಸಪೇಟೆಯ ಆಯ್ಕೆಗೆ ಹತ್ತೂ ಜನರನ್ನು ಕರೆದುಕೊಂಡು ಹೋದೆ. ಇಬ್ಬರು ಆಯ್ಕೆಯಾದರು, ಅವರಲ್ಲಿ ನಮ್ಮ ಕುಳ್ಳಿಯೂ ಒಬ್ಬಳು. ಉಳಿದ ಎಂಟು ಜನ ಅತ್ತರು, ಆಮೇಲೆ ಗಿರಮಿಟ್ಟು ತಿಂದು ಮುಂದಿನ ವರ್ಷ ನೋಡೇಬಿಡೋಣ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿರುವಾಗ ಅವ್ವನ ಫೋನು ಬಂತು. ನಮ್ಮ ಕುಳ್ಳಿಗೂ ಇನ್ನೊಬ್ಬಳಿಗೂ ಸೀಟು ಸಿಕ್ಕಿತು ಎಂದೆ. ಅವಳು ಹೂಂ ಎಂದಳಷ್ಟೇ. ಮುಂದಿನ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು. ಹಳೆಯ ಸಿಟ್ಟು ಆಗಲೇ ಮೂಗಿನ ತುದಿಗೆ ಬಂದು ಕೂತಿತ್ತು.

"ಎಷ್ಟು ತಡದ್ಳು?" ಎಂದು ಕೇಳಿದಳು ಅವ್ವ.

ಮೊಣಕಾಲು ಹೋದಾಗ ಅಳದವಳು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ, ಹತ್ತು ಹುಡುಗಿಯರ ಎದುರಿಗೆ ಅತ್ತುಬಿಟ್ಟೆ.

"ಯಾಕ ಸುಮ್ಮನಾದಿ? ಎಷ್ಟು?"

"ಭಾಳ ತಡದ್ಳವ್ವ. ಭಾಳ."

"ನೀ ಎಷ್ಟು ತಡದಿದ್ದಿ, ಹನ್ನೊಂದು ವರ್ಷದಾಗ?"

"ಎಣಿಸಿಲ್ಲವ್ವ."

"ಹುಚ್ಚಿ," ಎಂದಳು. "ಹೋಗ್ಲಿ, ಆ ಸಂಡೂರಿನಿಂದ ಹಿಡದು ಹೇಳು ಈಗ. ಒಲಿ ಮುಂದ ಕುಂತೀನಿ, ನನಗೇನೂ ಅರ್ಜೆಂಟಿಲ್ಲ."

ಬಸ್ಸು ಬಂತು. ಹುಡುಗಿಯರು ನನಗೆ ಕಿಟಕಿಯ ಸೀಟು ಹಿಡಿದಿಟ್ಟಿದ್ದರು. ಸಂಡೂರಿನ ಕೆಂಪು ಸಾಕ್ಸಿನಿಂದ ಶುರು ಮಾಡಿದೆ. ಕಮಲಾಪುರದಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಂತಾಗಲೂ ಅವ್ವ ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ.